ಅರ್ಜಿಯಲ್ಲಿ ನೀಡುವ ಇ-ಮೇಲ್ ವಿಳಾಸ: ಮನೆಯ ಸರ್ವರ್ ಅಥವಾ ಹೊರಗಿನ ಸೇವೆ

ಸರ್ಕಾರದ ಸೇವೆಗಳಿಗೆ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವಾಗ ಮೊಬೈಲ್ ಸಂಖ್ಯೆಯೊಂದಿಗೆ ಇ-ಮೇಲ್ ವಿಳಾಸವನ್ನೂ ಕೇಳುವುದು ಸಾಮಾನ್ಯ. ಅನೇಕ ಅರ್ಜಿದಾರರು ಈ ಕಲಮನ್ನು ಕೇವಲ ಔಪಚಾರಿಕವೆಂದು ಭಾವಿಸಿ, ಆ ಹೊತ್ತಿಗೆ ನೆನಪಿಗೆ ಬಂದ ಯಾವುದೋ ವಿಳಾಸವನ್ನು ಬರೆಯುತ್ತಾರೆ. ಆದರೆ ಕಾನೂನು ಅದನ್ನು ಹಾಗೆ ಪರಿಗಣಿಸುವುದಿಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಮೇರೆಗೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿಳಾಸದಾರನು ಸೂಚಿಸಿದ ಗಣಕ ವ್ಯವಸ್ಥೆಯನ್ನು ವಿದ್ಯುನ್ಮಾನ ದಾಖಲೆಯು ಪ್ರವೇಶಿಸಿದ ಕ್ಷಣದಲ್ಲಿಯೇ ಅದು ಸ್ವೀಕೃತವಾದಂತೆ; ವಿಳಾಸದಾರನು ಅದನ್ನು ತೆರೆದು ಓದಿರಬೇಕೆಂದಿಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 169ನೇ ಪ್ರಕರಣವು ನೋಂದಣಿಯಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ನೋಟೀಸು ಕಳುಹಿಸುವುದನ್ನು ಜಾರಿಯ ಒಂದು ಕ್ರಮಬದ್ಧ ವಿಧಾನವೆಂದು ಒಪ್ಪಿದೆ. ಆದುದರಿಂದ ಅಂಚೆಪೆಟ್ಟಿಗೆಯು ಯಾರ ಸುಪರ್ದಿನಲ್ಲಿದೆ ಎಂಬುದನ್ನು ಅರ್ಜಿದಾರರು ಅರಿತಿರುವುದು ಅವಶ್ಯಕ.

ಬೆಳಗಾವಿ ನಗರದಲ್ಲಾಗಲಿ ಖಾನಾಪುರದಲ್ಲಾಗಲಿ ಗಣಕಯಂತ್ರದ ಜ್ಞಾನವುಳ್ಳವರು ತಮ್ಮ ಪತ್ರಗಳು ತಮ್ಮ ಮನೆಯಲ್ಲಿಯೇ ಇರಲೆಂದು ಸ್ವಂತ ಇ-ಮೇಲ್ ಸರ್ವರ್ ಇರಿಸಿಕೊಳ್ಳಲು ಬಯಸಬಹುದು. ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಪೋಸ್ಟ್‌ಫಿಕ್ಸ್‌ನಂತಹ ತಂತ್ರಾಂಶಗಳು ಉಚಿತವಾಗಿ ಲಭ್ಯವಿದ್ದು, ಹಳೆಯ ಗಣಕಯಂತ್ರವೂ ಸಾಕಾಗುತ್ತದೆ. ಡೊಮೇನ್ ಹೆಸರೊಂದನ್ನು ನೋಂದಾಯಿಸಿ, ಆ ಹೆಸರಿಗೆ ಬರುವ ಪತ್ರಗಳನ್ನು ಯಾವ ಗಣಕಯಂತ್ರಕ್ಕೆ ತಲುಪಿಸಬೇಕೆಂದು ದಾಖಲಿಸಿದರೆ ವ್ಯವಸ್ಥೆ ಆರಂಭವಾಗುತ್ತದೆ.

ಪತ್ರ ಸ್ವೀಕರಿಸುವ ವಿಷಯದಲ್ಲಿ ತೊಂದರೆಯು ಜನರು ಊಹಿಸುವಷ್ಟಿಲ್ಲ. ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿ ಭಾಗದಲ್ಲಿ ಮರ ಬಿದ್ದು ಒಂದು ದಿನ ವಿದ್ಯುತ್ ಇಲ್ಲವಾಯಿತೆಂದುಕೊಳ್ಳಿ. ಕಳುಹಿಸಿದವರ ಸರ್ವರ್ ಪತ್ರವನ್ನು ಎಸೆಯುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕನಿಷ್ಠ ನಾಲ್ಕೈದು ದಿನ ಹೀಗೆ ಪ್ರಯತ್ನಿಸಬೇಕೆಂಬುದು ಅಂತರಜಾಲ ಅಂಚೆಯ ಮಾನಕದಲ್ಲಿಯೇ ಇದೆ. ಆದರೆ ಒಟಿಪಿಗೆ ಈ ತಾಳ್ಮೆಯಿಂದ ಪ್ರಯೋಜನವಿಲ್ಲ. ಜಿ.ಎಸ್.ಟಿ. ನೋಂದಣಿಯಲ್ಲಿ ಮೊಬೈಲ್‌ಗೂ ಇ-ಮೇಲ್‌ಗೂ ಪ್ರತ್ಯೇಕ ಒಟಿಪಿ ಬರುತ್ತದೆ. ಅದರ ಅವಧಿ 10 ನಿಮಿಷ. ಪತ್ರವು ಮರುದಿನ ತಲುಪಿದರೆ ಅರ್ಜಿ ಮುಂದುವರಿಯುವುದಿಲ್ಲ. ಇನ್ನು ಕೆಲವು ಸಂಪರ್ಕಗಳಲ್ಲಿ ಒಂದೇ ಐ.ಪಿ. ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಅಂತಹ ಕಡೆ ಹೊರಗಿನ ಪತ್ರವು ಮನೆಯ ಸರ್ವರನ್ನು ನೇರವಾಗಿ ತಲುಪುವ ದಾರಿಯೇ ಇರುವುದಿಲ್ಲ; ಸೇವಾದಾರರಿಂದ ಸ್ಥಿರ ಐ.ಪಿ. ವಿಳಾಸವನ್ನು ಪ್ರತ್ಯೇಕ ಶುಲ್ಕ ತೆತ್ತು ಪಡೆಯಬೇಕಾಗುತ್ತದೆ.

ನಿಜವಾದ ಕಷ್ಟ ಇರುವುದು ಪತ್ರ ಕಳುಹಿಸುವಲ್ಲಿ. ಸ್ಪ್ಯಾಮ್ ತಡೆಯುವ ಉದ್ದೇಶದಿಂದ ಅನೇಕ ಅಂತರಜಾಲ ಸೇವಾದಾರರು ಮನೆ ಸಂಪರ್ಕಗಳಲ್ಲಿ ಅಂಚೆ ರವಾನೆಯ 25ನೇ ಪೋರ್ಟನ್ನು ಮುಚ್ಚಿರುತ್ತಾರೆ. ಸ್ಪ್ಯಾಮ್‌ಹೌಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಮನೆ ಸಂಪರ್ಕಗಳ ಐ.ಪಿ. ವಿಳಾಸಗಳನ್ನೇ ಪಟ್ಟಿ ಮಾಡಿರುತ್ತದೆ. ಆ ಪಟ್ಟಿಯನ್ನು ನೋಡುವ ಸರ್ವರ್‌ಗಳು ಅಲ್ಲಿಂದ ನೇರವಾಗಿ ಬಂದ ಪತ್ರವನ್ನು ಬಾಗಿಲಲ್ಲಿಯೇ ನಿರಾಕರಿಸುತ್ತವೆ. ಅರ್ಜಿದಾರನು ಯಾವ ತಪ್ಪನ್ನೂ ಮಾಡಿರುವುದಿಲ್ಲ, ಅವನ ಬೀದಿಯ ಮೇಲೆಯೇ ಸಂಶಯ. ಫೆಬ್ರವರಿ 2024ರಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಕಳುಹಿಸುವವರ ಗುರುತಿನ ದೃಢೀಕರಣವನ್ನು ಇನ್ನಷ್ಟು ಬಿಗಿಗೊಳಿಸಿವೆ. ಮನೆಯ ಸರ್ವರ್‌ನಿಂದ ಕಳುಹಿಸಿದ ಮೇಲ್ಮನವಿಯು ಎದುರಿನವರ ಸ್ಪ್ಯಾಮ್ ಕಡತದಲ್ಲಿ ಬಿದ್ದಿದ್ದರೆ ಕಳುಹಿಸಿದವರಿಗೆ ಅದು ತಿಳಿಯುವುದೇ ಇಲ್ಲ.

ಖರ್ಚಿನ ಲೆಕ್ಕವನ್ನೂ ನೋಡತಕ್ಕದ್ದು. 60 ವ್ಯಾಟಿನ ಗಣಕಯಂತ್ರವು ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 43 ಯೂನಿಟ್ ವಿದ್ಯುತ್ ತಗಲುತ್ತದೆ. 10 ವ್ಯಾಟಿನ ಪುಟ್ಟ ಯಂತ್ರಕ್ಕೆ 7 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್‌ಗಳು ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿರುವುದರಿಂದ ಹೊಸದಾಗಿ ಸೇರುವ 43 ಯೂನಿಟ್‌ಗಳು ಅರ್ಹ ಮಿತಿಯನ್ನು ದಾಟಿಸುವ ಸಂಭವವುಂಟು.

ಹೊರಗಿನ ಉಚಿತ ಸೇವೆಗಳಲ್ಲಿ ಈ ಗೋಜುಗಳಿಲ್ಲ. ಆದರೆ ಅಲ್ಲಿನ ಷರತ್ತು ಅವರದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ ಡಿಸೆಂಬರ್ 2023ರಿಂದ ಆರಂಭಿಸಿದೆ. ಒಂದು ಅರ್ಜಿಗಾಗಿ ತೆರೆದು ಮರೆತ ಖಾತೆಗೆ ಇದೇ ಗತಿ. ಇದಕ್ಕಿಂತಲೂ ಹೆಚ್ಚಿನ ಅಪಾಯವು ಸೈಬರ್ ಕೇಂದ್ರದವರ ವಿಳಾಸವನ್ನೇ ಅರ್ಜಿಯಲ್ಲಿ ಬರೆಸುವುದರಲ್ಲಿದೆ. ಇದು ಅಂಚೆಪೆಟ್ಟಿಗೆಯನ್ನು ಯಾವ ಒಪ್ಪಂದವೂ ಇಲ್ಲದೆ ಪರರಿಗೆ ಒಪ್ಪಿಸಿದಂತೆ. ಖಾನಾಪುರದಿಂದ ಬೆಳಗಾವಿಗೆ ಬಂದು, ಅವಸರದಲ್ಲಿ ಅರ್ಜಿ ಹಾಕಿಸಿ, ಸಂಜೆಯ ಬಸ್ಸಿಗೆ ಮರಳುವವರು ಈ ಬಗ್ಗೆ ವಿಶೇಷವಾಗಿ ಎಚ್ಚರ ವಹಿಸಬೇಕು. ಮುಂದೆ ಬರುವ ಆಕ್ಷೇಪಣೆ, ನೋಟೀಸು, ಗುಪ್ತಪದ ಬದಲಾವಣೆಯ ಕೊಂಡಿ ಎಲ್ಲವೂ ಆ ಕೇಂದ್ರಕ್ಕೇ ಹೋಗುತ್ತವೆ. ಕೇಂದ್ರ ಮುಚ್ಚಿದರೆ ಎಲ್ಲಿಗೂ ಹೋಗುವುದಿಲ್ಲ.

ಇವೆರಡರ ನಡುವೆ ಇನ್ನೊಂದು ಮಾರ್ಗವಿದ್ದು, ಸ್ವಾತಂತ್ರ್ಯವನ್ನು ಬಯಸುವವರಿಗೆ ಅದೇ ಹೆಚ್ಚು ಸೂಕ್ತ. ಡೊಮೇನ್ ಹೆಸರನ್ನು ಸ್ವಂತಕ್ಕೆ ಇರಿಸಿಕೊಂಡು ಅಂಚೆಯ ನಿರ್ವಹಣೆಯನ್ನು ಮಾತ್ರ ಶುಲ್ಕ ಪಡೆಯುವ ಸಂಸ್ಥೆಗೆ ವಹಿಸಬಹುದು. ಸೇವೆ ತೃಪ್ತಿಕರವಾಗದಿದ್ದಲ್ಲಿ ಸಂಸ್ಥೆಯನ್ನು ಬದಲಿಸಬಹುದು, ವಿಳಾಸ ಬದಲಾಗದು. ಕೇಂದ್ರ ಸರ್ಕಾರವೂ ಇದನ್ನೇ ಅನುಸರಿಸಿದೆ. ಬಹುಕಾಲ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೇ ನಡೆಸುತ್ತಿದ್ದ ಇ-ಮೇಲ್ ವ್ಯವಸ್ಥೆಯ ಸುಮಾರು 12 ಲಕ್ಷ ನೌಕರರ ಖಾತೆಗಳು ಚೆನ್ನೈ ಮೂಲದ ಝೋಹೊ ಸಂಸ್ಥೆಯ ವೇದಿಕೆಗೆ ವರ್ಗವಾಗಿರುವುದು 2025ರಲ್ಲಿ ವರದಿಯಾಗಿದೆ; ವಿಳಾಸಗಳು ಮಾತ್ರ ಹಿಂದಿನಂತೆ ಸರ್ಕಾರದ ಡೊಮೇನ್‌ನಲ್ಲಿಯೇ ಉಳಿದಿವೆ.

ಡೊಮೇನ್ ಹೆಸರಿನ ವಾರ್ಷಿಕ ನವೀಕರಣವನ್ನು ತಪ್ಪಿಸಬಾರದು. ಅವಧಿ ಮೀರಿ ಬಿಡುಗಡೆಯಾದ ಹೆಸರನ್ನು ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಆ ನಂತರ ಹಳೆಯ ವಿಳಾಸಕ್ಕೆ ಬರುವ ಪತ್ರಗಳು ಅವರ ಕೈಸೇರುತ್ತವೆ. ವಿಳಾಸವನ್ನು ಬದಲಿಸುವವರು ಹಳೆಯದನ್ನು ಮುಚ್ಚುವ ಮೊದಲೇ, ಈ ಹಿಂದೆ ಅದನ್ನು ನೀಡಿರುವ ಪ್ರತಿಯೊಂದು ಇಲಾಖೆಯ ಖಾತೆಯಲ್ಲಿಯೂ ಹೊಸದನ್ನು ದಾಖಲಿಸಿಕೊಳ್ಳತಕ್ಕದ್ದು.