ಶಾಲಾ ಗಣಕಯಂತ್ರದ ಸ್ಮೃತಿಭಾರವನ್ನು ತಗ್ಗಿಸುವ ಬಗೆ

ನಲವತ್ತು ನಿಮಿಷಗಳ ಗಣಕ ತರಗತಿಯಲ್ಲಿ ಹತ್ತು ನಿಮಿಷಗಳು ಯಂತ್ರವು ಸಿದ್ಧವಾಗುವುದನ್ನು ಕಾಯುವುದರಲ್ಲಿಯೇ ಕಳೆದರೆ, ನಷ್ಟವಾಗುವುದು ವಿದ್ಯಾರ್ಥಿಗಳ ಕಲಿಕೆ. ಯಂತ್ರ ಹಳೆಯದಾಯಿತೆಂದು ಮೂಲೆಗೆ ಸರಿಸುವ ಮುನ್ನ ಅದರ ನಿಧಾನಗತಿಗೆ ಕಾರಣವೇನೆಂದು ಪರಿಶೀಲಿಸುವುದು ಯುಕ್ತ.

ಗಣಕಯಂತ್ರದ ರ್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯು ಅಧ್ಯಾಪಕರ ಮೇಜಿನಂತೆ. ಹಾರ್ಡ್ ಡಿಸ್ಕ್ ಕೊಠಡಿಯ ಬೀರುವಿನಂತೆ. ಮೇಜು ತುಂಬಿದಾಗ ಕೆಲವು ಪುಸ್ತಕಗಳನ್ನು ಬೀರುವಿಗೆ ಸಾಗಿಸಿ, ಬೇಕಾದಾಗ ಮರಳಿ ತರಬೇಕಾಗುತ್ತದೆ. ಹಾಗೆಯೇ ಸ್ಮೃತಿ ಸಾಲದಾದಾಗ ಯಂತ್ರವು ದತ್ತಾಂಶವನ್ನು ಡಿಸ್ಕ್‌ಗೆ ಸಾಗಿಸುತ್ತದೆ. ಡಿಸ್ಕ್‌ನ ವೇಗ ರ್ಯಾಮ್‌ಗಿಂತ ಬಹಳ ಕಡಿಮೆಯಾದುದರಿಂದ ಇಡೀ ಕೆಲಸ ಕುಂಠಿತವಾಗುತ್ತದೆ. ತೆರೆಯ ಹಿಂದೆ ಸದಾ ನಡೆಯುತ್ತಿರುವ ಅನಗತ್ಯ ಕಾರ್ಯಕ್ರಮಗಳೇ ಅನೇಕ ವೇಳೆ ಈ ಮೇಜನ್ನು ತುಂಬಿರುತ್ತವೆ.

ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಮೆಮೊರಿ ಎಂಬ ಅಂಕಣದ ಶಿರೋನಾಮೆಯನ್ನು ಒತ್ತಿದರೆ ಹೆಚ್ಚು ಸ್ಥಳ ಬಳಸುವ ಕಾರ್ಯಕ್ರಮಗಳು ಮೇಲೆ ಬರುತ್ತವೆ. 'ಎಂಡ್ ಟಾಸ್ಕ್' ಕೊಟ್ಟರೆ ಕಾರ್ಯಕ್ರಮವು ಆ ಹೊತ್ತಿಗೆ ಮಾತ್ರ ನಿಲ್ಲುತ್ತದೆ. ಯಂತ್ರವನ್ನು ಮತ್ತೆ ಆರಂಭಿಸಿದಾಗ ಮರಳಿ ಬರಬಹುದು. ಆದುದರಿಂದ ಸ್ಟಾರ್ಟಪ್ ವಿಭಾಗಕ್ಕೆ ಹೋಗಿ, ಬೇಡದ ಕಾರ್ಯಕ್ರಮವನ್ನು ಆರಿಸಿ 'ಡಿಸೇಬಲ್' ಎಂದು ಕೊಡಬೇಕು. ಇದರಿಂದ ಕಾರ್ಯಕ್ರಮವು ಅಳಿಯುವುದಿಲ್ಲ. ತಾನಾಗಿ ಆರಂಭವಾಗುವುದು ಮಾತ್ರ ತಪ್ಪುತ್ತದೆ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿರುವ 'ಬ್ಯಾಕ್‌ಗ್ರೌಂಡ್ ಆ್ಯಪ್ಸ್' ಪಟ್ಟಿಯಲ್ಲಿಯೂ ಬೇಡವಾದುವನ್ನು ನಿಲ್ಲಿಸಬಹುದು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಬಳಕೆಯಲ್ಲಿದೆ. ಅಂತಹ ವ್ಯವಸ್ಥೆಯಲ್ಲಿ ಸ್ಮೃತಿಯ ಬಳಕೆಯನ್ನು ಸಿಸ್ಟಮ್ ಮಾನಿಟರ್‌ನಲ್ಲಿ ನೋಡಿ, ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ ಬದಲಾವಣೆ ಮಾಡಬಹುದು.

ಯಾವುದನ್ನು ನಿಲ್ಲಿಸಬಾರದೆಂಬ ತಿಳಿವಳಿಕೆಯೂ ಅಷ್ಟೇ ಮುಖ್ಯ. ವೈರಸ್ ನಿರೋಧಕವನ್ನು, ಹೆಸರು ಪರಿಚಯವಿಲ್ಲದ ವ್ಯವಸ್ಥೆಯ ಪ್ರಕ್ರಿಯೆಗಳನ್ನು ಮುಟ್ಟಬಾರದು. ಕನ್ನಡ ಬರವಣಿಗೆಗೆ ನೆರವಾಗುವ ಕಾರ್ಯಕ್ರಮಗಳೂ ಹಿನ್ನೆಲೆಯಲ್ಲಿಯೇ ಇರುತ್ತವೆ. ವಿಂಡೋಸ್‌ನ ಸಿಟಿಎಫ್‌ಮಾನ್, ಲಿನಕ್ಸ್‌ನ ಐಬಸ್, ನುಡಿಯ ಕೀಲಿಮಣೆ ತಂತ್ರಾಂಶ ಇಂತಹವು. ಅನಗತ್ಯವೆಂದು ಇವನ್ನು ನಿಲ್ಲಿಸಿದರೆ ಯಂತ್ರ ಚುರುಕಾದರೂ ಮಕ್ಕಳಿಗೆ ಕನ್ನಡದಲ್ಲಿ ಬರೆಯಲು ಆಗದೆ ಹೋಗಬಹುದು.

ಒಮ್ಮೆಗೆ ಒಂದೇ ಕಾರ್ಯಕ್ರಮವನ್ನು ನಿಲ್ಲಿಸಿ, ಯಂತ್ರವನ್ನು ಪುನಃ ಆರಂಭಿಸಿ, ಕನ್ನಡದಲ್ಲಿ ಒಂದು ವಾಕ್ಯ ಬರೆದು, ಮುದ್ರಣಯಂತ್ರವನ್ನೂ ಪರೀಕ್ಷಿಸುವುದು ಸುರಕ್ಷಿತ ಕ್ರಮ. ನಿಲ್ಲಿಸಿದುದರ ಹೆಸರು ಮತ್ತು ದಿನಾಂಕವನ್ನು ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರೆ, ತೊಂದರೆ ಕಂಡಾಗ ಅದನ್ನು ಪುನಃ ಚಾಲನೆಗೆ ತರುವುದು ಸುಲಭ. ಸ್ಮೃತಿಯು ಪೂರ್ತಿ ಬರಿದಾಗಿರಬೇಕೆಂಬುದು ಗುರಿಯಲ್ಲ. ಪಾಠಕ್ಕೆ ಬೇಕಾದಷ್ಟು ಸ್ಥಳ ಉಳಿದರೆ ಸಾಕು.