ಪಹಣಿ ಕಾಯುವ ಬೆರಳು

ಕಚೇರಿಯ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕುವುದು ಸುಲಭ. ಅದು ಒಬ್ಬರ ಬಳಿಯೇ ಉಳಿಯುವಂತೆ ನೋಡಿಕೊಳ್ಳುವುದು ಕಷ್ಟ. ನೌಕರರು ಮಾಹಿತಿಯನ್ನು ಎಷ್ಟು ಜೋಪಾನವಾಗಿ ಕಾಯುತ್ತಾರೆ ಎಂಬುದು ಕೆಲಸದ ಹೊರೆ, ಮೇಲಧಿಕಾರಿಯ ಭಯ, ಜೊತೆಯವರ ಮೇಲಿನ ನಂಬಿಕೆ ಇವೆಲ್ಲವನ್ನೂ ಅವಲಂಬಿಸಿದೆ.

ಇದನ್ನು ಅರಿತು ಕಟ್ಟಿದ ವ್ಯವಸ್ಥೆಗಳಲ್ಲಿ ಕರ್ನಾಟಕದ ಭೂದಾಖಲೆ ಯೋಜನೆ ‘ಭೂಮಿ’ಯೂ ಒಂದು. 2000ದ ಸುಮಾರಿಗೆ ಕಂದಾಯ ಇಲಾಖೆ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕೇಂದ್ರಗಳಲ್ಲಿ ಕೊಡತೊಡಗಿತು. ಹೆಗ್ಗಡದೇವನಕೋಟೆಯ ಅಂತರಸಂತೆ ಹೋಬಳಿಯ ಹತ್ತಿ ಬೆಳೆಗಾರನಿಗೆ ಬೆಳೆಸಾಲ ಸಿಗಬೇಕಾದರೂ, ಅಣ್ಣತಮ್ಮಂದಿರು ಪಾಲಾಗಬೇಕಾದರೂ ಆ ಹಾಳೆ ಬೇಕು. ಸರ್ವೆ ನಂಬರಿನ ಎದುರಿನ ಹೆಸರು ಬದಲಾದರೆ ಒಂದು ಕುಟುಂಬ ಬೀದಿಗೆ ಬೀಳಬಹುದು.

ಹಾಗಾಗಿ ದಾಖಲೆ ತಿದ್ದುವ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ಏರ್ಪಾಡಾಯಿತು. ಬರೀ ಪಾಸ್‌ವರ್ಡ್ ಇದ್ದರೆ ‘ನಾನಲ್ಲ, ಯಾರೋ ನನ್ನ ಹೆಸರಲ್ಲಿ ಮಾಡಿದ್ದಾರೆ’ ಎಂದು ಜಾರಿಕೊಳ್ಳಬಹುದು. ಬೆರಳಿಟ್ಟ ಮೇಲೆ ಹಾಗೆನ್ನುವುದು ಕಷ್ಟ. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದುವರಿಯಬೇಕೆಂಬ ನಿಯಮವೂ ತಂತ್ರಾಂಶದೊಳಗೆ ಸೇರಿತು. ‘ನಮ್ಮವರದ್ದು ಸ್ವಲ್ಪ ಮೊದಲು ಮಾಡ್ಕೊಡಿ’ ಎಂಬ ಒತ್ತಡಕ್ಕೆ ನೌಕರನಿಗೊಂದು ಉತ್ತರ ಸಿಕ್ಕಿತು.

ಇಂಥ ಆಸರೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಯಾವುದೇ ಸಣ್ಣ ಕಚೇರಿಯ ಸೋಮವಾರವನ್ನು ಊಹಿಸಿಕೊಳ್ಳಬಹುದು. ಕಿಟಕಿಯ ಮುಂದೆ ಉದ್ದದ ಸಾಲು. ಮೊದಲ ಬಸ್ಸಿಗೆ ಬಂದ ಅಜ್ಜಿಯ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಆಧಾರ್, ರೇಷನ್ ಕಾರ್ಡು. ಲಾಗಿನ್ ಇರುವ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ. ‘ಸಾರ್, ಓಟಿಪಿ ಬಂದಿರುತ್ತೆ, ಹೇಳಿ ಸಾರ್, ಜನ ಕಾಯ್ತಿದ್ದಾರೆ’ ಎಂದು ಆಪರೇಟರ್ ಫೋನ್ ಮಾಡುತ್ತಾನೆ. ಸಾಹೇಬರು ಹೇಳುತ್ತಾರೆ. ಇಬ್ಬರಲ್ಲೂ ದುರುದ್ದೇಶವಿಲ್ಲ, ಅಜ್ಜಿಯನ್ನು ಬರಿಗೈಲಿ ಕಳಿಸಬಾರದೆಂಬ ಕಾಳಜಿಯೇ ನಿಯಮ ಮುರಿಸಿತು. ಆದರೆ ಫೋನಿನಲ್ಲಿ ಓಟಿಪಿ ಹೇಳುವ ರೂಢಿ ಒಮ್ಮೆ ಬೆಳೆದರೆ, ನಾಳೆ ‘ಡಿ.ಸಿ. ಆಫೀಸಿಂದ’ ಎಂದು ಗದರುವ ವಂಚಕನಿಗೂ ಅದೇ ದಾರಿ.

ಆ್ಯನ್ ಆಡಮ್ಸ್ ಮತ್ತು ಏಂಜೆಲಾ ಸಾಸ್ ಎಂಬ ಸಂಶೋಧಕಿಯರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ನಿಯಮ ಕೆಲಸಕ್ಕೆ ಹೊಂದದಿದ್ದರೆ ಜನ ಅಡ್ಡದಾರಿ ಹುಡುಕುತ್ತಾರೆ. ಹತ್ತಾರು ಪಾಸ್‌ವರ್ಡ್ ನೆನಪಿಡಬೇಕಾದವರು ಚೀಟಿಯಲ್ಲಿ ಬರೆದಿಡುತ್ತಾರೆ. ಕಾರಣವಿಲ್ಲದೆ ಇಷ್ಟಿಷ್ಟು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬಾರದೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ಸಲಹೆ ಮಾಡಿತು.

ಶಿಕ್ಷೆಯ ಭಯವೂ ಅಪಾಯ ತರುತ್ತದೆ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಸಂಸ್ಥೆಗಳಿಗೆ ನಿರ್ದೇಶನ ನೀಡಿದೆ. ಆದರೆ ತಪ್ಪು ಲಿಂಕ್ ಒತ್ತಿದವನಿಗೆ ನೋಟಿಸು ಸಿಗುವ ಕಚೇರಿಯಲ್ಲಿ ಮುಂದಿನವನು ಬಾಯಿ ಬಿಡುವುದೇ ಇಲ್ಲ. ಹಣ ಹೋದಾಗಲೂ ಅಷ್ಟೇ: ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪರಿಹಾರಗಳು ದುಬಾರಿಯಲ್ಲ. ಮೇಲಧಿಕಾರಿಯ ಹೆಸರಿನಲ್ಲಿ ಕರೆ ಬಂದರೆ ಕಚೇರಿಯಲ್ಲಿರುವ ನಂಬರಿಗೆ ತಿರುಗಿ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು, ತಪ್ಪೊಪ್ಪಿಕೊಂಡವರನ್ನು ಗದರದಿರುವುದು, ಅಧಿಕಾರಿಯೇ ಮೊದಲು ನಿಯಮ ಪಾಲಿಸುವುದು, ರಜೆಯಲ್ಲಿರುವವರ ಬದಲಿಗೆ ಕೆಲಸ ಮಾಡುವವರಿಗೆ ತಮ್ಮದೇ ಹೆಸರಿನ ಪ್ರತ್ಯೇಕ ಲಾಗಿನ್ ಕೊಡುವುದು. ಸಾಹೇಬರು ಮೀಟಿಂಗಿಗೆ ಹೋದ ದಿನವೂ ಅಜ್ಜಿಯ ಕೆಲಸ ನಡೆಯುವಂತಿದ್ದರೆ ಓಟಿಪಿ ಕೇಳುವ ಪ್ರಮೇಯವೇ ಬರುವುದಿಲ್ಲ.