ಕಂಚಿನ ಸೂರ್ಯನೂ ಬೆಳ್ಳಿತೆರೆಯ ಸುಳ್ಳೂ

ಬಂದರಿನ ಎರಡು ದಂಡೆಗಳ ಮೇಲೆ ಒಂದೊಂದು ಕಾಲೂರಿ ನಿಂತ ಕಂಚಿನ ದೈತ್ಯ ಪ್ರತಿಮೆ, ಅದರ ಕಾಲುಗಳ ನಡುವೆ ಸಾಗುವ ಹಾಯಿಹಡಗುಗಳು. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ರೋಡ್ಸ್ ದ್ವೀಪದ ಈ ಮೂರ್ತಿಯನ್ನು ಹೀಗೆ ಚಿತ್ರಿಸುವುದು ವಾಡಿಕೆ. 1961ರಲ್ಲಿ ಇಟಲಿಯ ಸೆರ್ಜಿಯೋ ಲಿಯೋನೆ ನಿರ್ದೇಶಿಸಿದ ‘ದಿ ಕೊಲಾಸಸ್ ಆಫ್ ರೋಡ್ಸ್’ ಚಿತ್ರದಲ್ಲಿಯೂ ಅದು ಹಾಗೆಯೇ ನಿಂತಿದೆ. ಇತಿಹಾಸದಲ್ಲಿ ಮಾತ್ರ ಹಾಗೆ ನಿಂತಿರಲಿಲ್ಲ.

ಕ್ರಿ.ಪೂ. 305ರಲ್ಲಿ ಮ್ಯಾಸಿಡೋನಿಯದ ಡೆಮೆಟ್ರಿಯಸ್ ರೋಡ್ಸ್ ನಗರಕ್ಕೆ ಮುತ್ತಿಗೆ ಹಾಕಿದ. ವರ್ಷವಿಡೀ ಹೆಣಗಿದರೂ ನಗರ ಬಗ್ಗಲಿಲ್ಲ. ಅವನು ಬಿಟ್ಟುಹೋದ ಯುದ್ಧಯಂತ್ರಗಳನ್ನು ಮಾರಿ ಬಂದ ಹಣದಲ್ಲಿ ಊರವರು ತಮ್ಮ ಸೂರ್ಯದೇವನಾದ ಹೀಲಿಯಸ್‌ನ ಪ್ರತಿಮೆ ಮಾಡಿಸಿದರು. ಅದನ್ನು ಎರಕಹೊಯ್ದ ಶಿಲ್ಪಿ ಲಿಂಡೋಸ್ ಊರಿನ ಕ್ಯಾರಿಸ್. ಎತ್ತರ ಸುಮಾರು 33 ಮೀಟರ್. ಕ್ರಿ.ಪೂ. 226ರ ಸುಮಾರಿನ ಭೂಕಂಪದಲ್ಲಿ ಅದು ಮೊಣಕಾಲಿನ ಬಳಿ ಮುರಿದುಬಿತ್ತು. ಮತ್ತೆ ಯಾರೂ ಎತ್ತಿ ನಿಲ್ಲಿಸಲಿಲ್ಲ. ಸುಮಾರು ಮುನ್ನೂರು ವರ್ಷಗಳ ನಂತರ ಬರೆದ ರೋಮಿನ ಪ್ಲಿನಿ, ಬಿದ್ದಿರುವಾಗಲೂ ಅದು ಅಚ್ಚರಿಯೇ, ಅದರ ಹೆಬ್ಬೆರಳನ್ನು ತಬ್ಬಬಲ್ಲವರೇ ಕಡಿಮೆ ಎಂದು ದಾಖಲಿಸಿದ್ದಾನೆ. ಅಂದರೆ ಬಿದ್ದದ್ದು ನೆಲದ ಮೇಲೆ. ಬಂದರಿಗೆ ಅಡ್ಡಲಾಗಿ ನಿಂತಿದ್ದರೆ ನೀರಿಗುರುಳಿ ಹಡಗಿನ ದಾರಿಯನ್ನೇ ಮುಚ್ಚುತ್ತಿತ್ತು. ಕಾಲಗಲಿಸಿ ನಿಂತ ಭಂಗಿ ಮಧ್ಯಯುಗದವರ ಕಲ್ಪನೆ.

ಆದರೆ ಚಿತ್ರದ ದೊಡ್ಡ ಸುಳ್ಳು ಇದಲ್ಲ. ಸ್ವಾತಂತ್ರ್ಯ ಉಳಿದದ್ದಕ್ಕೆ ಕಟ್ಟಿದ ಸ್ಮಾರಕವನ್ನು ಲಿಯೋನೆ ದಬ್ಬಾಳಿಕೆಯ ಯಂತ್ರವನ್ನಾಗಿ ಮಾಡಿಬಿಟ್ಟ. ಪ್ರತಿಮೆಯ ಒಡಲೊಳಗೆ ಕಾವಲು ಸೈನಿಕರು. ಕೆಳಗೆ ಸಾಗುವ ಹಡಗುಗಳ ಮೇಲೆ ಉರಿ ಸುರಿಸುವ ಏರ್ಪಾಟು. ನಾಯಕ ಡಾರಿಯೋ ಮೂರ್ತಿಯ ಕಿವಿಯಿಂದ ಹೊರಬಂದು ಅದರ ತೋಳಿನ ಮೇಲೆ ಕತ್ತಿ ಝಳಪಿಸುವ ದೃಶ್ಯವಂತೂ ಮರೆಯುವಂಥದಲ್ಲ. ಗಣರಾಜ್ಯವಾಗಿದ್ದ ರೋಡ್ಸ್‌ಗೆ ಇಲ್ಲಿ ಒಬ್ಬ ರಾಜನೂ ಉಂಟು. ಅವನ ಹೆಸರು ಸೆರ್ಸೆ, ಅಂದರೆ ಗ್ರೀಕರ ಹಳೆಯ ವೈರಿಯಾದ ಪರ್ಷಿಯದ ದೊರೆಯದು!

ಇದು ಬರೀ ಅಜ್ಞಾನವೆನ್ನಲಾಗದು. ಲಿಯೋನೆ 1929ರಲ್ಲಿ ರೋಮಿನಲ್ಲಿ ಹುಟ್ಟಿದವನು. ಬಾಲ್ಯವೆಲ್ಲ ಮುಸೊಲಿನಿಯ ಆಳ್ವಿಕೆಯಲ್ಲಿ, ಆ ಸರ್ವಾಧಿಕಾರಿ ಪ್ರಾಚೀನ ರೋಮಿನ ಹೆಸರಿನಲ್ಲಿ ನಿಲ್ಲಿಸಿದ ಅಮೃತಶಿಲೆಯ ಮೂರ್ತಿಗಳ ಊರಿನಲ್ಲಿ ಕಳೆಯಿತು. ರೋಡ್ಸ್ ದ್ವೀಪವಾದರೂ 1912ರಲ್ಲಿ ಇಟಲಿಯ ಕೈಸೇರಿ, ಗ್ರೀಸಿಗೆ ವಿಧಿಬದ್ಧವಾಗಿ ಸೇರಿದ್ದು 1947ರಲ್ಲಿ. ಹೀಗಿರುವಾಗ ದೊಡ್ಡ ಪ್ರತಿಮೆ ಕಂಡರೆ ಅದರೊಳಗೆ ಯಾರು ಅಡಗಿದ್ದಾರೆಂದು ಅವನು ಶಂಕಿಸಿದ್ದು ಸಹಜವೇ.

1959ರ ‘ಪಾಂಪೆಯ ಕೊನೆಯ ದಿನಗಳು’ ಚಿತ್ರವನ್ನು, ನಿರ್ದೇಶಕ ಮಾರಿಯೋ ಬೊನ್ನಾರ್ ಕಾಯಿಲೆ ಬಿದ್ದಾಗ, ಮುಗಿಸಿಕೊಟ್ಟವನು ಲಿಯೋನೆಯೇ. ಆದರೆ ನಿರ್ದೇಶಕನೆಂದು ಅವನ ಹೆಸರು ತೆರೆಯ ಮೇಲೆ ಬಂದದ್ದು ‘ಕೊಲಾಸಸ್’ನಲ್ಲಿ. 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತಂದ ಕೀರ್ತಿಯ ಮುಂದೆ ಇದು ಮಸುಕಾಯಿತು. ‘ಕೊಲಾಸಸ್’ನ ಕೊನೆಯಲ್ಲಿಯೂ ಭೂಕಂಪವಾಗುತ್ತದೆ, ಮೂರ್ತಿ ಉರುಳುತ್ತದೆ. ಕ್ಯಾರಿಸ್‌ನ ಊರವರಿಗೆ ಅದು ದುಃಖದ ದಿನ. ಲಿಯೋನೆಯ ಪ್ರೇಕ್ಷಕರಿಗೆ ಬಿಡುಗಡೆಯ ಗಳಿಗೆ.